ಮುಂಬಯಿ ಸಭೆಗೆ ಶಿಗ್ಗಾಂವದ ಮತ

1956ರ ಅಕ್ಟೋಬರ್ ಕೊನೆಯವರೆಗೂ ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರುಗಳ ಪ್ರತಿನಿಧಿಗಳು ಮುಂಬಯಿ ಶಾಸನಸಭೆಯಲ್ಲಿ ಕೂರುತ್ತಿದ್ದರು. ಮರಾಠಿ ಮತ್ತು ಗುಜರಾತಿ ಸದಸ್ಯರೇ ತುಂಬಿದ್ದ ಆ ಸಭೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಎಂಬ ನಾಲ್ಕು ಜಿಲ್ಲೆಗಳಿಂದ ಮಾತ್ರ ಕನ್ನಡಿಗರು ಹೋಗುತ್ತಿದ್ದರು. 1936ರಲ್ಲಿ ಸಿಂಧ್ ಬೇರೆಯಾಗುವ ತನಕ ಸಿಂಧಿಗಳೂ ಅಲ್ಲಿದ್ದರು. ಶಿಗ್ಗಾಂವ ಆಗ ಧಾರವಾಡ ಜಿಲ್ಲೆಯ ಬಂಕಾಪುರ ತಾಲೂಕಿನ ಕಚೇರಿ ಇದ್ದ ಊರು. ಪಕ್ಕದ ಸವಣೂರು ನವಾಬರ ಸಂಸ್ಥಾನ; ಸುತ್ತಲೂ ಧಾರವಾಡ ಜಿಲ್ಲೆಯೇ ಇದ್ದರೂ 1948ರಲ್ಲಿ ಸಂಸ್ಥಾನ ವಿಲೀನವಾಗುವ ತನಕ ಅಲ್ಲಿನವರಿಗೆ ಮುಂಬಯಿ ಸಭೆಯಲ್ಲಿ ಪ್ರತಿನಿಧಿ ಇರಲಿಲ್ಲ.

ಮತದಾರರನ್ನು ಬ್ರಿಟಿಷ್ ಸರಕಾರ ಹಲವು ಬಗೆಯಲ್ಲಿ ವಿಂಗಡಿಸಿತ್ತು. ಸಾರಾ, ಅಂದರೆ ಭೂಕಂದಾಯ, ಇಂತಿಷ್ಟು ತುಂಬಿದವರಿಗೆ ಮತ. ಮುಸಲ್ಮಾನರಿಗೆ ಬೇರೆಯದೇ ಕ್ಷೇತ್ರ. 1935ರ ಕಾಯ್ದೆಯಂತೆ ಮುಂಬಯಿ ವಿಧಾನಸಭೆಗೆ 175 ಸ್ಥಾನ. ಸಾಮಾನ್ಯ ಸ್ಥಾನ 114, ಅದರಲ್ಲಿ ದಲಿತರಿಗೆ 15, ಮರಾಠಾ ಸಮಾಜಕ್ಕೆ 7 ಮೀಸಲು. ಮುಸಲ್ಮಾನರಿಗೆ 29, ವ್ಯಾಪಾರ ಉದ್ಯಮಗಳಿಗೆ 7, ಕಾರ್ಮಿಕರಿಗೆ 7, ಜಮೀನುದಾರರಿಗೆ 2, ವಿಶ್ವವಿದ್ಯಾಲಯಕ್ಕೂ ಒಂದು. ಇಷ್ಟು ಸೂಕ್ಷ್ಮವಾಗಿ ಎಣಿಸಿದ ಕಾಯ್ದೆಯಲ್ಲಿ ಭಾಷೆಗೆಂದು ಒಂದು ಸ್ಥಾನವೂ ಇರಲಿಲ್ಲ. ಕನ್ನಡಿಗರು ಸಭೆಗೆ ಬಂದದ್ದು ಜಿಲ್ಲೆಯ ಗಡಿಯ ಬಲದಿಂದಷ್ಟೇ. ಬೆಲ್ಜಿಯಂ ಇದಕ್ಕೆ ತದ್ವಿರುದ್ಧ. ಯುರೋಪಿಯನ್ ಸಂಸತ್ತಿಗೆ ಸದಸ್ಯರನ್ನು ಕಳಿಸುವಾಗ ಆ ದೇಶ ಡಚ್, ಫ್ರೆಂಚ್, ಜರ್ಮನ್ ಭಾಷಿಕರಿಗೆ ಬೇರೆ ಬೇರೆ ಮತದಾರ ಮಂಡಲಗಳನ್ನು ಮಾಡಿದೆ. ಸಣ್ಣ ಜರ್ಮನ್ ಸಮುದಾಯಕ್ಕೂ ಒಂದು ಸ್ಥಾನ ಖಾಯಂ.

ಮುಂಬಯಿ ಸಭೆಯ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಂಗ್ಲಿಷ್ ಬಾರದವರು ತಮ್ಮ ಭಾಷೆಯಲ್ಲಿ ಮಾತಾಡಲು ಕಾಯ್ದೆಯಲ್ಲಿ ಅವಕಾಶವಿತ್ತು, ಆದರೆ ಕೇಳುವವರಲ್ಲಿ ಬಹುಪಾಲು ಜನಕ್ಕೆ ಕನ್ನಡ ತಿಳಿಯುತ್ತಿರಲಿಲ್ಲ. ಸರಕಾರ ಒಪ್ಪದ ಭಾಷಾ ಗಡಿಯನ್ನು ಕಾಂಗ್ರೆಸ್ ಮೊದಲೇ ಒಪ್ಪಿತ್ತು. 1920ರ ನಾಗಪುರ ಅಧಿವೇಶನದ ತೀರ್ಮಾನದಂತೆ ಕರ್ನಾಟಕಕ್ಕೆ ಅದರದೇ ಪ್ರಾಂತ ಸಮಿತಿ ಬಂತು. ಹೀಗಾಗಿ ಸರಕಾರಿ ದಫ್ತರದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಶಿಗ್ಗಾಂವ, ಕಾಂಗ್ರೆಸ್ ಪಾಲಿಗೆ ಕರ್ನಾಟಕದ ಊರಾಗಿತ್ತು. 1938ರಲ್ಲಿ ಮುಂಬಯಿ ವಿಧಾನಸಭೆಯೇ ಕರ್ನಾಟಕ ಪ್ರಾಂತ ಬೇಕೆಂಬ ಠರಾವು ಪಾಸು ಮಾಡಿತು. ಠರಾವು ಕಾಗದದಲ್ಲೇ ಉಳಿಯಿತು.

1951–52ರ ಚುನಾವಣೆಯಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ಮತ ಸಿಕ್ಕಿತು. ಓದು ಬಾರದವರೇ ಹೆಚ್ಚಿದ್ದ ಕಾಲವದು. ಅದಕ್ಕಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಮೇಲೆ ಅವನ ಗುರುತು ಅಂಟಿಸಿದರು. ಮತಚೀಟಿಯಲ್ಲಿ ಹೆಸರಿಲ್ಲ, ಅದರ ಮೇಲೆ ಏನೂ ಬರೆಯಬೇಕಿಲ್ಲ. ಕಾಂಗ್ರೆಸ್ಸಿಗೆ ಮತ ಹಾಕುವವರು ಜೋಡೆತ್ತಿನ ಪೆಟ್ಟಿಗೆ ಹುಡುಕಿ ಚೀಟಿ ಇಳಿಬಿಟ್ಟರೆ ಸಾಕು. ಬಹುಭಾಷೆಯ ರಾಜ್ಯಕ್ಕೆ ಇದಕ್ಕಿಂತ ಸುಲಭವಾದ ಉಪಾಯ ಇರಲಾರದು. ಇದೇ ಚುನಾವಣೆಯಲ್ಲಿ ಧಾರವಾಡ ದಕ್ಷಿಣ ಕ್ಷೇತ್ರದಿಂದ ಟಿ. ಆರ್. ನೇಸ್ವಿ ಲೋಕಸಭೆಗೆ ಹೋದರು.

ಮತ ಎಲ್ಲರಿಗೂ ಬಂದ ಮೇಲೂ ವಿಧಾನಸಭೆ ಮುಂಬಯಿಯಲ್ಲೇ ಇತ್ತು. ಕನ್ನಡ ಜಿಲ್ಲೆಗಳ ಅಸಮಾಧಾನ 1953ರಲ್ಲಿ ಒಡೆದು ಹೊರಬಿತ್ತು. ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ 23 ದಿನ ಉಪವಾಸ ಕೂತರು; ಎಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬಯಿ ವಿಧಾನಸಭೆಗೆ ರಾಜೀನಾಮೆ ಕೊಟ್ಟು ತಮ್ಮೂರಲ್ಲಿ ಉಪವಾಸ ಹಿಡಿದರು. ಗೆದ್ದ ಸ್ಥಾನವನ್ನು ಬಿಟ್ಟುಕೊಟ್ಟ ಆ ನಿರ್ಧಾರ ಸಭೆಯ ಭಾಷಣಗಳಿಗಿಂತ ಹೆಚ್ಚಿನ ಪರಿಣಾಮ ಮಾಡಿತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು; ಬೆಳಗಾವಿಯ ಚಂದಗಡ ತಾಲೂಕು ಮಾತ್ರ ಮುಂಬಯಿಯಲ್ಲೇ ಉಳಿಯಿತು.

ಹೊಸ ರಾಜ್ಯದಲ್ಲಿ ಶಿಗ್ಗಾಂವಕ್ಕೆ ಬೇಗನೇ ಮಹತ್ವ ಬಂತು. ಏಕೀಕರಣಕ್ಕೆ ದುಡಿದ ಎಸ್. ನಿಜಲಿಂಗಪ್ಪನವರು ದೂರದ ಚಿತ್ರದುರ್ಗ ಸೀಮೆಯವರಾದರೂ 1967ರಲ್ಲಿ ಇಲ್ಲಿಂದಲೇ ಗೆದ್ದು ಮುಖ್ಯಮಂತ್ರಿಯಾಗಿ ಮುಂದುವರಿದರು. ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದಾಗಲೂ ಶಿಗ್ಗಾಂವದ ಶಾಸಕರೇ.

1997ರಲ್ಲಿ ಶಿಗ್ಗಾಂವವನ್ನೂ ಒಳಗೊಂಡು ಹಾವೇರಿ ಜಿಲ್ಲೆ ಆಯಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹಾನಗಲ್ಲ, ಹಿರೇಕೆರೂರುಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಹೋದವು. ಸವಣೂರನ್ನೂ ಒಳಗೊಂಡ ಶಿಗ್ಗಾಂವ ವಿಧಾನಸಭಾ ಕ್ಷೇತ್ರ ಧಾರವಾಡಕ್ಕೆ ಸೇರಿತು. 2024ರಲ್ಲಿ ಬೊಮ್ಮಾಯಿ ಹಾವೇರಿಯಿಂದ ಲೋಕಸಭೆಗೆ ಗೆದ್ದರು. ಅವರನ್ನು ನಾಲ್ಕು ಸಲ ಶಾಸಕರನ್ನಾಗಿ ಮಾಡಿದ ಶಿಗ್ಗಾಂವದವರು ಆ ಚುನಾವಣೆಯಲ್ಲಿ ಮತ ಹಾಕಿದ್ದು ಧಾರವಾಡದ ಅಭ್ಯರ್ಥಿಗಳಿಗೆ.