ಕೃತಕ ಮಂಡಿ ಬೆಳೆದು ಬಂದ ದಾರಿ

ನಡೆಯುವಾಗ ನಾವು ಮಂಡಿಯನ್ನು ನೆನೆಯುವುದಿಲ್ಲ. ಆದರೆ ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗೆ ಪ್ರತಿ ಹೆಜ್ಜೆಯೂ ಎಚ್ಚರದ ಹೆಜ್ಜೆ. ಮಂಡಿಯ ಕೆಳಗೆ ಕಾಲು ಹೋದವರಿಗೆ ಸ್ವಂತ ಮಂಡಿ ಉಳಿದಿರುತ್ತದೆ. ಮಂಡಿಯೇ ಹೋದಾಗ ಕೃತಕ ಕೀಲು ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕಾಗುತ್ತದೆ. ಮೈಭಾರ ಬಿದ್ದಾಗ ಕುಸಿಯದೆ ನಿಲ್ಲಬೇಕು. ಮರುಕ್ಷಣ ಕಾಲೆತ್ತಿದಾಗ ಸಲೀಸಾಗಿ ಮಡಚಬೇಕು. ಈ ಸಮಸ್ಯೆಯ ಪರಿಹಾರಕ್ಕೆ ನಾಲ್ಕು ಶತಮಾನಗಳ ಇತಿಹಾಸವಿದೆ.

16ನೇ ಶತಮಾನದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಮಂಡಿಗೆ ಚಿಲಕವಿದ್ದ ಕೃತಕ ಕಾಲನ್ನು ರೂಪಿಸಿದರು. ಚಿಲಕ ಹಾಕಿ ನಡೆಯುವುದು, ತೆಗೆದು ಕುಳಿತುಕೊಳ್ಳುವುದು. 1800ರ ಸುಮಾರಿಗೆ ಲಂಡನ್ನಿನ ಜೇಮ್ಸ್ ಪಾಟ್ಸ್ ಮರದ ಕಾಲಿಗೆ ಉಕ್ಕಿನ ಮಂಡಿ ಜೋಡಿಸಿ, ಅದರಿಂದ ಪಾದದವರೆಗೆ ಪ್ರಾಣಿಗಳ ಕರುಳಿನಿಂದ ಹೊಸೆದ ದಾರಗಳನ್ನು ಕಟ್ಟಿದರು. ಮಂಡಿ ಬಾಗಿದಾಗ ಪಾದದ ತುದಿ ತಾನಾಗಿ ಮೇಲೇಳುತ್ತಿತ್ತು. 1815ರ ವಾಟರ್‌ಲೂ ಯುದ್ಧದಲ್ಲಿ ಕಾಲು ಕಳೆದುಕೊಂಡ ಆಂಗ್ಲ್‌ಸೀ ಪ್ರಭು ಇದನ್ನು ಧರಿಸಿದ್ದರಿಂದ ಅದಕ್ಕೆ 'ಆಂಗ್ಲ್‌ಸೀ ಕಾಲು' ಎಂಬ ಹೆಸರೇ ಬಂತು.

ಮನುಷ್ಯನ ಕಾಲು ಕಿತ್ತ ಯುದ್ಧಗಳೇ ಈ ವಿದ್ಯೆಯನ್ನೂ ಬೆಳೆಸಿದವು ಎಂಬುದು ವಿಷಾದದ ಸಂಗತಿ. ಮೊದಲ ಮಹಾಯುದ್ಧದ ಗಾಯಾಳುಗಳಿಗಾಗಿ 1919ರಲ್ಲಿ ಬರ್ಲಿನ್ನಿನಲ್ಲಿ ಒಟ್ಟೋ ಬಾಕ್ ಕಂಪನಿ ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹಾನ್ಸ್ ಮೌಖ್ ಎಣ್ಣೆಯ ಒತ್ತಡದಿಂದ ಬಿಗಿಯಾಗುವ ಹೈಡ್ರಾಲಿಕ್ ಮಂಡಿಯನ್ನು ಅಭಿವೃದ್ಧಿಪಡಿಸಿದರು. ಆದರೆ ಇಂತಹ ಮಂಡಿಯ ಬಿಗಿತವನ್ನು ತಂತ್ರಜ್ಞನೇ ಹೊಂದಿಸಿಕೊಡಬೇಕಿತ್ತು.

ಇಲ್ಲಿ ಕಂಪ್ಯೂಟರ್ ನೆರವಿಗೆ ಬಂತು. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ವುಡಿ ಫ್ಲವರ್ಸ್ ಕಂಪ್ಯೂಟರ್ ನಿಯಂತ್ರಿತ ಮಂಡಿಯ ಪ್ರಯೋಗ ನಡೆಸಿದರು. 1990ರ ದಶಕದಲ್ಲಿ ಬ್ರಿಟನ್ನಿನ ಬ್ಲಾಚ್‌ಫರ್ಡ್ ಕಂಪನಿ ನಡಿಗೆಯ ವೇಗಕ್ಕೆ ಹೊಂದಿಕೊಳ್ಳುವ ಮಂಡಿಯನ್ನು ಮಾರುಕಟ್ಟೆಗೆ ತಂದಿತು. ಕೆನಡಾದ ಕೆಲ್ಲಿ ಜೇಮ್ಸ್ ಅವರ ಸಂಶೋಧನೆಯನ್ನು ಆಧರಿಸಿ ಒಟ್ಟೋ ಬಾಕ್ 1997ರಲ್ಲಿ 'ಸಿ-ಲೆಗ್' ಅನ್ನು ಜಗತ್ತಿನ ಮುಂದಿಟ್ಟಿತು. ಅದರ ಸಂವೇದಕಗಳು ಮಂಡಿಯ ಕೋನವನ್ನೂ ಕಾಲಿನ ಮೇಲಿನ ಭಾರವನ್ನೂ ಸೆಕೆಂಡಿಗೆ 50 ಬಾರಿ ಅಳೆಯುತ್ತಿದ್ದವು. ಅದರಂತೆ ಪುಟ್ಟ ಮೋಟಾರು ಎಣ್ಣೆಯ ಕವಾಟವನ್ನು ತಿರುಗಿಸುತ್ತಿತ್ತು. ಮೋಟಾರು ಕಾಲನ್ನು ಎತ್ತುವುದಿಲ್ಲ, ಬಿಗಿತವನ್ನಷ್ಟೇ ಬದಲಿಸುತ್ತದೆ. ಎಡವಿದರೆ ಮಂಡಿ ಬಿಗಿಯಾಗಿ ಬೀಳದಂತೆ ಆಧಾರ ಕೊಡುತ್ತದೆ. ಇಳಿಜಾರು, ಮೆಟ್ಟಿಲುಗಳ ಭಯ ಕಡಿಮೆಯಾಯಿತು. ಮೊಬೈಲಿನಂತೆ ಬ್ಯಾಟರಿ ಚಾರ್ಜ್ ಮಾಡಬೇಕು, ಅಷ್ಟೆ.

ಆದರೆ ಇಂತಹ ಮಂಡಿಯ ಬೆಲೆ ಹಲವು ಲಕ್ಷ ರೂಪಾಯಿ. ಕೂಲಿ ಮಾಡುವವನ ಕಾಲು ಹೋದರೆ ಗತಿಯೇನು? ನಮ್ಮ ದೇಶ ಈ ಪ್ರಶ್ನೆಗೆ ಬೇರೆಯೇ ದಾರಿಯಿಂದ ಉತ್ತರ ಹುಡುಕಿತು. 1960ರ ದಶಕದಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ರಬ್ಬರಿನ 'ಜೈಪುರ ಪಾದ'ವನ್ನು ರೂಪಿಸಿದರು. ಬೂಟಿಲ್ಲದೆ ನಡೆಯುವ, ಕೆಸರುಗದ್ದೆಗಿಳಿಯುವ, ಪಾದರಕ್ಷೆ ಬಿಟ್ಟು ಮಸೀದಿ, ಮಂದಿರಗಳಿಗೆ ಹೋಗುವ, ನೆಲದ ಮೇಲೆ ಕೂರುವ ನಮ್ಮ ಜನರ ಬದುಕಿಗೆ ಅದು ಒಪ್ಪುವಂತಿತ್ತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮುಂದೆ ಇದೇ ಪಾದವನ್ನು ಉಚಿತವಾಗಿ ಹಂಚುವ ಜೈಪುರದ ಸಂಸ್ಥೆಯೊಡನೆ ಸೇರಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ರೂಪಿಸಿದರು. ಸುಮಾರು 20 ಡಾಲರ್ ವೆಚ್ಚದ ಇದನ್ನು 'ಟೈಮ್' ಪತ್ರಿಕೆ 2009ರ ಶ್ರೇಷ್ಠ ಆವಿಷ್ಕಾರಗಳಲ್ಲಿ ಒಂದೆಂದು ಹೆಸರಿಸಿತು. ಅದರಲ್ಲಿ ಕಂಪ್ಯೂಟರ್ ಇಲ್ಲ. ಕೀಲುಗಳ ಜೋಡಣೆಯ ಜಾಣ್ಮೆಯಿಂದಲೇ ಅದು ಸ್ಥಿರವಾಗಿ ನಿಲ್ಲುತ್ತದೆ.

ವಿದ್ಯಾರ್ಥಿ ಮಿತ್ರರೇ, ಕಂಪ್ಯೂಟರ್ ಮಂಡಿ ವಿಜ್ಞಾನ ಎಷ್ಟು ಎತ್ತರಕ್ಕೆ ಏರಬಲ್ಲದೆಂದು ತೋರಿಸಿತು. ಜೈಪುರದ ಕೆಲಸ ಅದು ಎಷ್ಟು ಜನರನ್ನು ತಲುಪಬಲ್ಲದೆಂದು ತೋರಿಸಿತು. ಎತ್ತರದ ಆ ವಿದ್ಯೆಯನ್ನು ಬಡವನ ಕೈಗೆಟಕುವಂತೆ ಮಾಡುವ ಕೆಲಸ ಇನ್ನೂ ಬಾಕಿಯಿದೆ. ಇಂಜಿನಿಯರಿಂಗ್, ವೈದ್ಯಕೀಯ ಓದುತ್ತಿರುವ ನಿಮ್ಮಲ್ಲಿ ಒಬ್ಬರಾದರೂ ಅದಕ್ಕೆ ಕೈಹಾಕಿದರೆ ಕಲಿತ ವಿದ್ಯೆ ಸಾರ್ಥಕ.