ನೀರಿಗಿಳಿಯೋ ಚಪ್ಲಿ

ನಮ್ಮ ಕಡೆ ನೀರು ಅಂದ್ರ ಚಪ್ಲಿ ಬಿಡೋ ಜಾಗ. ಕೂಡಲಸಂಗಮಕ್ಕ ಹೋಗ್ರಿ, ಗೋಕರ್ಣದಾಗ ಸಮುದ್ರಸ್ನಾನಕ್ಕ ಹೋಗ್ರಿ, ಮೊದ್ಲ ದಂಡಿ ಮ್ಯಾಲೆ ಚಪ್ಲಿ ಬಿಟ್ಟು, ಕಾಯಾಕ ಮನಿಯವ್ರೊಳಗ ಒಬ್ಬರನ್ನ ಕೂಡಿಸಿ, ಆಮ್ಯಾಲೆ ನೀರಿಗಿಳಿಯೋದು. ಹಂಗಿರಬೇಕಾದ್ರ ನೀರಿಗಿಳಿಯೋ ಸಲುವಾಗೇ ಒಂದು ಚಪ್ಲಿ ತೊಗೋಬೇಕು ಅಂದ್ರ ನಮ್ಮವ್ವಗ ಅದು ತಲಿಗೇ ಹತ್ತವಲ್ದು. "ಬೂಟ್ ಹಾಕ್ಕೊಂಡು ಸಮುದ್ರಸ್ನಾನ ಮಾಡೂ ಕಾಲ ಬಂತು ನೋಡು" ಅಂತ ಎರಡು ದಿನ ನಕ್ಕೋತ ಅಡ್ಡಾಡಿದ್ಲು.

ಆದ್ರ ವಿಷಯ ನಗೂವಂಥದ್ದಲ್ಲ. ಮುಂದಿನ ತಿಂಗಳ ನಾವೆಲ್ಲಾ ಅಂಡಮಾನಕ್ಕ ಹೊಂಟೇವಿ. ಅವ್ವಗ ಹತ್ತೊಂಬತ್ತು ವರ್ಷದಿಂದ ಸಕ್ಕರಿ ಕಾಯಿಲೆ, ಅಂಗಾಲಿಗೆ ಸ್ಪರ್ಶ ಕಡಿಮಿ ಆಗ್ಯದ. ಹೋದ ವರ್ಷ ಸ್ಟೇಪ್ಲರ್ ಪಿನ್ನು ಚುಚ್ಚಿಕೊಂಡು ಎರಡು ದಿನ ಮನಿತುಂಬ ಅಡ್ಡಾಡ್ಯಾಳ, ಗೊತ್ತಾಗಿದ್ದು ಕಾಲುಚೀಲಕ್ಕ ರಕ್ತ ಹತ್ತಿದ ಮ್ಯಾಲೆ. ಡಾಕ್ಟರ್ ಹೇಳ್ಯಾರ, ಮನಿಯೊಳಗೂ ಬರಿಗಾಲಾಗ ಇರಬ್ಯಾಡ್ರಿ ಅಂತ. ಅಕಿಗೆ ಸಮುದ್ರದಾಗ ಮೊಳಕಾಲ ತನಕ ನಿಂದರೋ ಆಸೆ. ನನಗ ಅಂಜಿಕಿ.

ಅಂಗಡಿಗೆ ಹೋದ್ರ ಎಲ್ಲಾನೂ ವಾಟರ್ ಶೂನೇ. ಜಾಳಗಿ ಇದ್ದದ್ದು, ಪ್ಲಾಸ್ಟಿಕ್ಕಿನದು, ಸಾಕ್ಸಿನಂಥದ್ದು, ತೂತಿದ್ದದ್ದು. ನನಗ ಒಂದು ಚಟ ಅದ, ಯಾವುದರ ಸಾಮಾನು ತೊಗೊಳೋಕಿಂತ ಮೊದ್ಲ ಅದನ್ನ ಯಾರು, ಯಾಕ ಮಾಡಿದ್ರು ಅಂತ ಹುಡಕೋದು. ಈ ಸಲ ಹುಡಕಿದ್ದು ಭಾಳ ಉಪಯೋಗಕ್ಕ ಬಂತು. ಯಾಕಂದ್ರ ಇವೆಲ್ಲಾ ಬ್ಯಾರೆ ಬ್ಯಾರೆ ತೊಂದ್ರಿಗೆ ಹುಟ್ಟಿದ ಬ್ಯಾರೆ ಬ್ಯಾರೆ ಚಪ್ಲಿಗಳು, ಒಂದರ ಕೆಲಸ ಇನ್ನೊಂದು ಮಾಡಂಗಿಲ್ಲ.

ಸಮುದ್ರದ ದಂಡಿಗೆ ಬೂಟು ಹಾಕ್ಕೊಂಡು ಹೋಗೋ ಹುಚ್ಚು ಇಂಗ್ಲೆಂಡಿನಾಗ ಡಾಕ್ಟರ್ ಚೀಟಿಯಿಂದ ಸುರುವಾತು ಅಂದ್ರ ಅವ್ವ ನಂಬಲಿಲ್ಲ. 1750ರಾಗ ರಿಚರ್ಡ್ ರಸೆಲ್ ಅನ್ನೋ ಡಾಕ್ಟರು ಸಮುದ್ರದ ನೀರೇ ಔಷಧ ಅಂತ ಲ್ಯಾಟಿನ್ನಿನಾಗ ಪುಸ್ತಕ ಬರದ್ರು. ಬರೇ ಸ್ನಾನ ಅಲ್ಲ, ಕುಡೀರಿ ಅಂತ ಸೈತ ಹೇಳ್ತಿದ್ರು! ಶ್ರೀಮಂತ ರೋಗಿಗಳು ಬ್ರೈಟನ್ನಿಗೆ ಹೊಂಟ್ರು. ಬ್ರೈಟನ್ನಿನ ದಂಡಿ ಉಸುಕಿನದಲ್ಲ, ಉರುಟು ಕಲ್ಲಿಂದು. ಬೂಟು ಬಿಟ್ಟು ಎಂದೂ ನೆಲಕ್ಕ ಕಾಲಿಡದ ಮಂದಿಗೆ ಆ ಕಲ್ಲು ಹೆಂಗ ತಡೀಬೇಕು? 1841ರಾಗ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂತು, 1846ರಾಗ ಬ್ಲಾಕ್‌ಪೂಲಿಗೆ ಬಂತು, 1871ರ ಕಾಯ್ದೆದಿಂದ ಬ್ಯಾಂಕಿನವರಿಗೆ ರಜಾ ಸಿಕ್ತು. ಆವಾಗ ಶ್ರೀಮಂತರ ಹಿಂದ ಗುಮಾಸ್ತರು, ಗಿರಣಿ ಕೆಲಸದವರು ಎಲ್ಲಾರೂ ದಂಡಿಗೆ ಬಂದ್ರು. ಹೆಣ್ಮಕ್ಕಳಂತೂ ಗಾಲಿ ಹಚ್ಚಿದ ಕಟ್ಟಿಗಿ ಖೋಲಿಯೊಳಗ ಬಟ್ಟಿ ಬದಲಾಯಿಸಿ, ಆ ಖೋಲಿನ್ನ ಕುದುರಿ ನೀರಿನ ತನಕ ಎಳಕೊಂಡು ಹೋದಮ್ಯಾಲೆ, ಉಣ್ಣಿ ಅಂಗಿ, ಕಾಲುಚೀಲ, ಅದರ ಮ್ಯಾಲೆ ಲಾಡಿ ಕಟ್ಟೋ ಕ್ಯಾನ್ವಾಸಿನ ಬೂಟು ಹಾಕ್ಕೊಂಡೇ ನೀರಿಗಿಳೀತಿದ್ರು. ಕಾಲು ಕಾಣಬಾರದು ಅನ್ನೋ ಮಡಿವಂತಿಕಿ ಅರ್ಧ, ಕಲ್ಲು ಚುಚ್ಚಬಾರದು ಅನ್ನೋದು ಅರ್ಧ.

ಇದಕ್ಕ ಜೀವ ಕೊಟ್ಟಿದ್ದು ರಬ್ಬರು. ಅದಕ್ಕೂ ಮೊದ್ಲ ರಬ್ಬರು ಬ್ಯಾಸಗಿಗೆ ಅಂಟಂಟಾಗಿ ಚಳಿಗೆ ಒಡೀತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಾಗ ಗಂಧಕ ಕೂಡಿಸಿ ಕಾಯಿಸಿದ್ರ ಅದು ಗಟ್ಟಿ ಆಗತದ ಅಂತ ಕಂಡುಹಿಡಿದ. 1844ರಾಗ ಅವಗ ಪೇಟೆಂಟ್ ಸಿಕ್ತು. ಕ್ಯಾನ್ವಾಸಿಗೆ ಈ ರಬ್ಬರಿನ ಅಡಿ ಅಂಟಿಸಿದ್ರು, ಉಸುಕಿನ್ಯಾಗ ಅಡ್ಡಾಡೋ ಬೂಟು ಆತು. ಹೆಸರೂ ಅದೇ, ಸ್ಯಾಂಡ್ ಶೂ. ಆಸ್ಟ್ರೇಲಿಯಾದಾಗ ಇವತ್ತಿಗೂ ಹಂಗs ಅಂತಾರ. ಆಮ್ಯಾಲೆ ಇಂಗ್ಲೆಂಡಿನಾಗ ಅದಕ್ಕ ಪ್ಲಿಮ್ಸಾಲ್ ಅಂತ ಹೆಸರು ಬಿತ್ತು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅನ್ನೋ ಪಾರ್ಲಿಮೆಂಟ್ ಸದಸ್ಯ ಬಡಿದಾಡಿ 1876ರಾಗ ಒಂದು ಕಾನೂನು ತಂದಿದ್ದ. ಹಡಗಕ್ಕ ಮಿತಿ ಮೀರಿ ಮಾಲು ತುಂಬಿ ಖಲಾಸಿಗಳನ್ನ ಮುಳುಗಸ್ತಿದ್ರಲ್ಲ, ಅದನ್ನ ತಡಿಯೋ ಸಲುವಾಗಿ ಹಡಗಿನ ಹೊಟ್ಟಿಗೆ ಒಂದು ಗೆರಿ ಎಳೀಬೇಕು, ನೀರು ಅದಕ್ಕಿಂತ ಮ್ಯಾಲೆ ಬರಬಾರದು ಅಂತ. ಬೂಟಿನ ಸುತ್ತಲಿನ ರಬ್ಬರ್ ಪಟ್ಟಿನೂ ಹಂಗs ಕಾಣತಿತ್ತು, ಮಂದಿ ಬೂಟಿಗೇ ಅವನ ಹೆಸರಿಟ್ರು. ಒಬ್ಬ ಮನಷ್ಯಾನ ಹೆಸರು ಹಿಂಗ ಉಳದದ್ದು ನನಗ ಪುತ್ಥಳಿಕಿಂತ ಚೊಲೊ ಅನಿಸ್ತದ.

ನಮ್ಮ ಸಾಲಿಯ ಬಿಳೆ ಪೀಟಿ ಶೂ ಇದೇ ಮನಿತನದ್ದು. ಆಗಸ್ಟ್ 15ಕ್ಕ ಮಳಿಯಾಗ ಪರೇಡ್ ಮಾಡಿದವರಿಗೆ ಅದರ ಗುಣ ಬ್ಯಾರೆ ಹೇಳಬೇಕಾಗಿಲ್ಲ. ನೀರು ಕುಡದು ಭಾರ ಆಗತದ, ಎರಡು ದಿನ ಒಣಗಂಗಿಲ್ಲ, ಕಾಲು ನೆನೆದು ಬೆಳ್ಳಗ ಸುಕ್ಕಾಗತದ. ಸಕ್ಕರಿ ಇದ್ದವರ ಕಾಲು ಹಂಗ ನೆನೆದ್ರ ಚರ್ಮ ಸುಲದು ಸೋಂಕು ಹತ್ತೋದು ಸಸಾರ. ಅದಕ್ಕ ಕ್ಯಾನ್ವಾಸು ಬ್ಯಾಡ. ಸ್ಪೇನಿನ ಕಡೆ ಹಗ್ಗದ ಅಡಿಯ ಚಪ್ಲಿ ಅವ, ಭಾಳ ಚೆಂದ, ಆದ್ರ ನೀರಿಗೆ ಅವು ಬಾಳಂಗಿಲ್ಲ. ನಮ್ಮ ಅಥಣಿ ಕಡೆಯ ಕೊಲ್ಹಾಪುರಿನೂ ಅಷ್ಟ. ಚರ್ಮದ ಚಪ್ಲಿ ಉಪ್ಪುನೀರು ಕುಡದು ಒಣಗಿತು ಅಂದ್ರ ಹಪ್ಪಳ.

ಖರೆ ವಿದ್ಯಾ ಅದ ಜಪಾನ್ ಮತ್ತ ಹವಾಯಿಯೊಳಗ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಮ್ಮ ಬಚ್ಚಲಮನಿ ಹವಾಯಿ ಚಪ್ಲಿ ಕಥಿನೂ ಇದರಾಗೇ ಅದ.

ಜಪಾನಿನಾಗ ತಾಬಿ ಅಂತ ಕಾಲುಚೀಲ, ಹೆಬ್ಬೆರಳಿಗೆ ಬ್ಯಾರೆ ಮನಿ, ಉಳಿದ ಬೆರಳಿಗೆ ಬ್ಯಾರೆ ಮನಿ. ಕೂಲಿ ಮಂದಿ ಅದರ ಮ್ಯಾಲೆ ಭತ್ತದ ಹುಲ್ಲಿನ ಚಪ್ಲಿ ಕಟ್ಟಿಕೊಂಡು ದುಡೀತಿದ್ರು, ಅದು ಭಾಳ ಲಗೂನ ಹರೀತಿತ್ತು. ಕ್ಯುಶು ದ್ವೀಪದ ಕುರುಮೆ ಊರಾಗ ಇಶಿಬಾಶಿ ಅಂತ ತಾಬಿ ಹೊಲಿಯೋ ಮನಿತನ. ಆ ಮನಿಯ ಶೋಜಿರೊ 1920ರ ದಶಕದ ಸುರುವಿನ್ಯಾಗ ತಾಬಿಗೇ ರಬ್ಬರಿನ ಅಡಿ ಅಂಟಿಸಿ ಮಾರಿದ, ಜಿಕಾತಾಬಿ ಅಂತ. ಗಣಿ, ಹೊಲ, ಕಟ್ಟಡ, ಎಲ್ಲಾ ಕಡೆ ಅದೇ ನಡೀತು. ಆ ರಬ್ಬರಿನ ಜ್ಞಾನದಿಂದs ಅವ 1931ರಾಗ ಟೈರ್ ಕಂಪನಿ ತೆಗದ. ಇಶಿಬಾಶಿ ಅಂದ್ರ ಕಲ್ಲಿನ ಸೇತುವೆ. ಅದನ್ನs ಇಂಗ್ಲಿಷಿಗೆ ತಿರುವಿ ಹಾಕಿದ, ಬ್ರಿಜ್‌ಸ್ಟೋನ್ ಆತು.

1885ರಿಂದ ಸಾವಿರಾರು ಜಪಾನಿ ಮಂದಿ ಕಬ್ಬಿನ ತೋಟದ ಕೂಲಿಗೆ ಹವಾಯಿಗೆ ಹೋಗಿದ್ರು. ಅವರ ಪಾದರಕ್ಷಾನೂ ಅಲ್ಲೇ ಬೇರು ಬಿಟ್ವು. ಒಂದು ತಾಬಿ, ಇನ್ನೊಂದು ಜೋರಿ ಅನ್ನೋ ಬೆರಳಸಂದಿ ಪಟ್ಟಿಯ ಚಪ್ಲಿ. ಜೋರಿ ಮುಂದ ರಬ್ಬರಿನದಾಗಿ ಜಗತ್ತೆಲ್ಲಾ ತಿರುಗಿ ನಮ್ಮ ಮನಿಗೆ ಹವಾಯಿ ಚಪ್ಲಿ ಅಂತ ಬಂತು. ತಾಬಿ ಏನಾತು ಅಂದ್ರ, ಹವಾಯಿಯ ಮೀನುಗಾರರು ಅದರ ಅಡಿಗೆ ದಪ್ಪನೆ ಫೆಲ್ಟು, ಅಂದ್ರ ಒತ್ತಿದ ಕಂಬಳಿಯಂಥಾ ಬಟ್ಟಿ ಹಚ್ಚಿ ಹವಳದ ಬಂಡಿ ಮ್ಯಾಲೆ ಅಡ್ಡಾಡಾಕ ಇಟ್ಕೊಂಡ್ರು. ಪಾಚಿ ಹಿಡದ ಬಂಡಿ ಮ್ಯಾಲೆ ರಬ್ಬರು ಜಾರತದ, ಫೆಲ್ಟು ಕಚ್ಚಿ ಹಿಡೀತದ.

ಅಂದ್ರ ತಿಳೀತಲ್ಲ? ಯಾವ ದ್ವೀಪದ ಹೆಸರಿಟ್ಟು ನಾವು ಆ ಚಪ್ಲಿ ಕರೀತೀವೋ, ಅಲ್ಲಿಯ ಮಂದಿನೇ ಅದನ್ನ ದಂಡಿ ತನಕ ಅಷ್ಟ ಹಾಕ್ಕೊಂಡು ಹೋಗಿ, ಬಂಡಿ ಮ್ಯಾಲೆ ಕಾಲಿಡಬೇಕಾದ್ರ ಬೆರಳು ಮುಚ್ಚೋ ತಾಬಿ ಹಾಕ್ಕೋತಾರ. "ಹವಾಯಿ ಚಪ್ಲಿ ಅದಾವಲ್ಲ, ಸುಮ್ಮನ ರೊಕ್ಕ ಯಾಕ" ಅಂದಿದ್ದ ನಮ್ಮ ಅಪ್ಪಗ ಇದೊಂದು ಮಾತು ಸಾಕಾತು.

1946ರಾಗ ಫ್ರಾನ್ಸಿನ ಒಳನಾಡಿನ್ಯಾಗ, ಸಮುದ್ರ ಎಲ್ಲೋ ಇವರೆಲ್ಲೋ, ಜಾಂ ದೊಫಾಂ ಅನ್ನೋ ಚಾಕು ಮಾಡಾವ ಪ್ಲಾಸ್ಟಿಕ್ಕಿನ ಜಾಳಗಿ ಚಪ್ಲಿ ತೆಗದ. ಯುದ್ಧ ಮುಗದು ಚರ್ಮ ಸಿಗ್ತಿರಲಿಲ್ಲ, ಅವನ ಕಡೆ ಪ್ಲಾಸ್ಟಿಕ್ ಇತ್ತು. ಅದು ನೀರು ಕುಡಿಯಂಗಿಲ್ಲ, ಒಳಗ ಬಂದ ನೀರು ಹಂಗs ಹೊರಗ ಹೋಗತದ, ಹಿಮ್ಮಡಿಗೆ ಪಟ್ಟಿ ಇರತದ. ಫ್ರೆಂಚ್ ಮಂದಿ ಅದಕ್ಕ ಮುಂದ ಮೆಡ್ಯೂಸ್ ಅಂತ ಹೆಸರಿಟ್ರು, ಅಂದ್ರ ಅಂಬಲಿ ಮೀನು. ಹುಡುಗರಿಗೆ ಭೇಷ್. ಆದ್ರ ಪ್ಲಾಸ್ಟಿಕ್ ಪಟ್ಟಿ ತಿಕ್ಕಿ ಗುಳ್ಳಿ ಏಳತಾವ. ನನಗ ಗುಳ್ಳಿ ಎದ್ರ ಉರೀತದ, ಚಪ್ಲಿ ತೆಗೀತೀನಿ. ಅವ್ವಗ ಉರಿಯಂಗೇ ಇಲ್ಲ.

ಅಮೆರಿಕದವು ಲಗೂನ ಹೇಳಿ ಮುಗಸ್ತೀನಿ. ಪಾಲ್ ಸ್ಪೆರಿ ಅನ್ನಾವ ತನ್ನ ನಾಯಿ ಮಂಜಿನ ಮ್ಯಾಲೆ ಜಾರದ ಓಡೋದು ನೋಡಿ, ಅದರ ಅಂಗಾಲಿನ ಗೆರಿಯಂಗ ರಬ್ಬರಿನ ಅಡಿಗೆ ಸಣ್ಣ ಸಣ್ಣ ಸೀಳು ಹಾಕಿ 1935ರಾಗ ದೋಣಿ ಬೂಟು ತೆಗದ. ತೊಯ್ದ ಹಡಗಿನ ಹಲಗಿಗೆ ಅದರಂಥಾದ್ದಿಲ್ಲ. ಕ್ರೂಸಿಗೆ ಹೋಗಾವರು ಇಂಥಾ ಅಡಿ ನೋಡಿ ತೊಗೋಬೇಕು, ಆದ್ರ ಅದು ನೀರಿಗಿಳಿಯೋ ಬೂಟಲ್ಲ. 1984ರಾಗ ಗ್ರ್ಯಾಂಡ್ ಕ್ಯಾನ್ಯನ್ನಿನ ನದಿಯೊಳಗ ದೋಣಿ ನಡಸೋ ಮಾರ್ಕ್ ಥ್ಯಾಚರ್, ಹರಿಯೋ ನೀರಾಗ ಚಪ್ಲಿ ಕೊಚ್ಚಿ ಹೋಗಬಾರದಂತ ಹಿಂದ ಪಟ್ಟಿ ಹಚ್ಚಿದ. ಅದೇ ಟೇವಾ. ಸಾಕ್ಸಿನಂಥಾ ನಿಯೋಪ್ರೀನ್ ಬೂಟು ಮುಳುಗಾವರ ಅಂಗಿಯ ತಮ್ಮ. 1952ರಾಗ ಕ್ಯಾಲಿಫೋರ್ನಿಯಾದ ಹ್ಯೂ ಬ್ರಾಡ್ನರ್ ಅನ್ನೋ ಭೌತವಿಜ್ಞಾನಿ ಥಣ್ಣನೆ ನೀರಿನ ಸಲುವಾಗಿ ಆ ಅಂಗಿ ಮಾಡಿದ್ದ. ಅಂಡಮಾನಿನ ಬೆಚ್ಚನೆ ನೀರಿಗೆ ಅದರ ಶಾಖ ನಮಗೇನು ಬೇಕಾಗಿಲ್ಲ, ಮತ್ತ ಅಗ್ಗದವುಗಳ ಅಡಿ ರೊಟ್ಟಿಯಷ್ಟು ತೆಳ್ಳಗ. 2002ರಾಗ ದೋಣಿ ಪ್ರದರ್ಶನದಾಗ ಬಂದ ಕ್ರಾಕ್ಸ್ ಹಗೂರ, ತೇಲತದ, ತೂತಿನಿಂದ ನೀರು ಹೊಕ್ಕೇತಿ. ಆದ್ರ ಸಡಲ. ತೆರಿ ಎಳದ್ರ ಚಪ್ಲಿ ಒಂದು ಕಡೆ, ಕಾಲು ಒಂದು ಕಡೆ.

ಇಷ್ಟು ನೋಡಿದ ಮ್ಯಾಲೆ ನನಗ ಒಂದು ಅನಿಸ್ತು. ನೀರಾಗ ದುಡಿಯೋ ಮಂದಿ ಮಾಡಿಕೊಂಡದ್ದು ಬಿಗಿ ಹಿಡಿಯೋವು, ಬಂಡಿ ಮ್ಯಾಲೆ ದುಡಿಯಾವರದ್ದಂತೂ ಬೆರಳು ಮುಚ್ಚೋವು. ಅಂಗಡಿ ಮುಂದ ಚೆಂದ ಜೋತು ಬಿಡೋವು ತೆರದವು, ಸಡಲಿನವು.

ಅಂಡಮಾನಿನ ನೀಲ್ ದ್ವೀಪಕ್ಕ 2018ರಿಂದ ಶಹೀದ್ ದ್ವೀಪ ಅಂತ ಹೆಸರು. ಅಲ್ಲಿ ಕಲ್ಲಿನ ಕಮಾನು ನೋಡಾಕ ನೀರು ಇಳಿದಾಗ ಹೋಗಬೇಕು. ದಾರಿ ಅಂದ್ರ ಸತ್ತ ಹವಳದ ಬಂಡಿ, ಚೂರಿಯಂಥಾ ಅಂಚು, ನಡುವ ನೀರಿನ ಕುಣಿ, ಕುಣಿಯೊಳಗ ಸಮುದ್ರದ ಮುಳ್ಳುಚೆಂಡು. ಅದಕ್ಕs ಅವ್ವಗ ಬೇಕಾದ್ದು ಮುಂದ ಮುಚ್ಚಿದ್ದು, ದಪ್ಪ ಅಡಿಯದು, ಮ್ಯಾಲೆ ನೀರು ಸೋರೋ ಬಲಿ, ಹಿಂದ ಎಳದು ಬಿಗಿಯೋ ಪಟ್ಟಿ. ಎರಡೂ ಕೈಲೆ ಅಡಿ ಮಡಚಿ ನೋಡ್ರಿ. ಚಪಾತಿಯಂಗ ಸುತ್ತಿದ್ರ ಅದು ಉಸುಕಿಗೆ ಅಷ್ಟ. ಜೀವಂತ ಹವಳದ ಮ್ಯಾಲೆ ಮಾತ್ರ ಯಾವ ಬೂಟು ಹಾಕ್ಕೊಂಡೂ ಕಾಲಿಡಬ್ಯಾಡ್ರಿ. ಬೂಟು ಕಾಲು ಕಾಯ್ತದ, ಹವಳಾನ ಕಾಯಂಗಿಲ್ಲ. ಒಮ್ಮೆ ಮುರದ್ರ ಬೆಳಿಯಾಕ ವರ್ಷಗಟ್ಟಲೆ ಬೇಕು.

ಬೂಟಿನ ಮ್ಯಾಲೂ ಪೂರ್ತಿ ಭಾರ ಹಾಕಾಕ ಬರಂಗಿಲ್ಲ. ತೊರಕಿ ಮೀನಿನ ಮುಳ್ಳು ಇಂಥಾ ಅಡಿ ದಾಟಿ ಚುಚ್ಚಬಲ್ಲದು. ಉಸುಕಿನ್ಯಾಗ ಕಾಲು ಎತ್ತಿ ಇಡದ, ಎಳಕೋತ ನಡದ್ರ ಅದು ಸಪ್ಪಳಕ್ಕ ಓಡಿ ಹೋಗತದ. ಚುಚ್ಚಿದ್ರ ಬಿಸಿನೀರಾಗ ಕಾಲು ಇಡಸ್ತಾರ, ನೋವು ಇಳೀತದ. ಆದ್ರ ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ಗೊತ್ತಾಗಂಗಿಲ್ಲ, ಕಾಲು ಸುಟ್ಟೇ ಹೋಗಬಹುದು. ನೀರಿನ ಬಿಸಿ ಇನ್ನೊಬ್ಬರು ತಮ್ಮ ಕೈಯಿಟ್ಟು ನೋಡಬೇಕು, ಮತ್ತ ತಡಾ ಮಾಡದ ದವಾಖಾನಿಗೆ ಹೋಗಬೇಕು. ಕಾಲಿಗೆ ಮೊದ್ಲ ಗಾಯ ಇತ್ತಂದ್ರ ಸಮುದ್ರಕ್ಕ ಇಳಿಯೋದೇ ಬ್ಯಾಡ. ಉಪ್ಪುನೀರಿನ ಕೆಲವು ಸೂಕ್ಷ್ಮಾಣು ಸಕ್ಕರಿ ಇದ್ದವರಿಗೆ ಭಾಳ ಕೆಟ್ಟ ಸೋಂಕು ತರತಾವ.

ಬೂಟು ಸಂಜಿಮುಂದ ತೊಗೋರಿ, ಆವಾಗ ಕಾಲು ಬಾತಿರ್ತದ, ಅಳತಿ ಸರಿ ಸಿಗತದ. ಒಳಗ ಕೈ ಹಾಕಿ ಹೊಲಿಗಿ ಮುಟ್ಟಿ ನೋಡ್ರಿ. ದಂಡಿ ಮ್ಯಾಲೆ ಒಂದೊಂದು ತಾಸಿಗೆ ತೆಗದು ಉಸುಕು ಝಾಡಿಸ್ರಿ, ಇಲ್ಲಾಂದ್ರ ಒಳಗಿನ ಉಸುಕೇ ಮರಳುಕಾಗದ ಆಗತದ. ವಾಪಸ್ ಬಂದು ಸಿಹಿನೀರಲೆ ತೊಳದು, ಬೆರಳಸಂದಿ ಒರಸಿ, ಅಂಗಾಲಿನ ಕೆಳಗ ಕನ್ನಡಿ ಹಿಡದು ನೋಡ್ರಿ. ಹೊಸಾ ಬೂಟು ಊರಿಗೆ ಹೋಗೋಕಿಂತ ಹದಿನೈದು ದಿನ ಮೊದ್ಲ, ತೊಯಿಸಿ, ಮಾಳಿಗಿ ಮ್ಯಾಲೆ ಅರ್ಧ ತಾಸು ಅಡ್ಡಾಡಸ್ರಿ. ತೆಗದ ಮ್ಯಾಲೆ ಎಲ್ಲೆರ ಕೆಂಪು ಕಂಡ್ರ ಆ ಬೂಟು ಬ್ಯಾಡ, ಅಂಗಡಿಗೆ ವಾಪಸ್ ಕೊಡ್ರಿ.