ಏರದೆ ನಿಂತ ಗೆರೆ

ದಾಂಡೇಲಿಗೆ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಹಕ್ಕಿ ನೋಡಲೆಂದು ಅಲ್ಲಿಗೆ ಬರುವ ಹೊಸಬರು ಕೊಕ್ಕಿನ ಬಣ್ಣ, ಬಾಲದ ಉದ್ದ, ಹೊಟ್ಟೆಯ ಬಿಳುಪು ಎಂದು ಒಂದೊಂದನ್ನೇ ಪುಸ್ತಕದ ಚಿತ್ರಕ್ಕೆ ಹೋಲಿಸುತ್ತಾರೆ. ಪಳಗಿದವರಿಗಾದರೋ ಮರಗಳ ಮೇಲೆ ರೆಕ್ಕೆಯ ಬೀಸು ಭರ್ರೆಂದು ಕೇಳಿದರೆ ಸಾಕು, ತಲೆಯೆತ್ತದೆ ‘ಮಂಗಟ್ಟೆ’ ಎಂದುಬಿಡುತ್ತಾರೆ. ಬಿಡಿ ಗುರುತುಗಳು ಅವರಲ್ಲಿ ಕೂಡಿ ಒಂದೇ ಗುರುತಾಗಿವೆ. ಈ ಕೂಡಿಕೆ ಹೇಗೆ ಆಗುತ್ತದೆ, ಆಗದೆ ಎಲ್ಲಿ ನಿಲ್ಲುತ್ತದೆ ಎಂಬ ವಿಚಾರಕ್ಕೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ.

ನಾನು ಅದನ್ನು ಕೆದಕಿದ್ದು ಹಳಿಯಾಳ ಸೀಮೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯ ದೆಸೆಯಿಂದ. ಆತ ಗಣಕಯಂತ್ರದ ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಭಾಗವಹಿಸುವವನು. ಎರಡು ಗಂಟೆಯ ಅವಧಿ, ಐದಾರು ಸಮಸ್ಯೆ. ಒಂದೊಂದನ್ನೂ ಬಿಡಿಸುವ ಪ್ರೋಗ್ರಾಂ ಬರೆಯಬೇಕು. ಫಲಿತಾಂಶಕ್ಕೆ ತಕ್ಕಂತೆ ಸ್ಪರ್ಧಿಯ ‘ರೇಟಿಂಗ್’ ಅಂಕ ಏರುತ್ತದೆ, ಇಳಿಯುತ್ತದೆ. ಮೊದಲ ವರ್ಷ ಭರದಿಂದ ಏರಿದ ಅವನ ಅಂಕ ಮರುವರ್ಷವಿಡೀ ಒಂದೇ ಕಡೆ ನಿಂತಿತು. “ನನ್ನ ಬುದ್ಧಿಯ ಅಳತೆಯೇ ಇಷ್ಟೇನು?” ಎಂದು ಕೇಳಿದ. ಹೌದೆಂದು ನಂಬಿಕೊಂಡರೆ ಹುಡುಗ ಒಳ್ಳೆಯ ವಿದ್ಯೆಯೊಂದನ್ನು ಕೈಬಿಡುತ್ತಾನೆ. ಆದ್ದರಿಂದ ಪ್ರಶ್ನೆ ಸಣ್ಣದಲ್ಲ.

ಕಲಿಕೆಯ ಈ ನಿಲುಗಡೆಯನ್ನು ‘ಪ್ರಸ್ಥಭೂಮಿ’ ಎಂಬ ಹೆಸರಿನಿಂದ ಪ್ರಸಿದ್ಧಪಡಿಸಿದವರು ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್. ಅವರು 1897 ಮತ್ತು 1899ರಲ್ಲಿ ಪ್ರಕಟಿಸಿದ ಲೇಖನಗಳು ತಂತಿ ಕಲಿಯುವವರನ್ನು ಕುರಿತವು. ಸುದ್ದಿ ಕಳಿಸುವ ವೇಗದ ಗೆರೆ ಒಂದೇ ಸಮನೆ ಏರುತ್ತಿತ್ತು. ಸುದ್ದಿಯನ್ನು ಕೇಳಿ ಬರೆದುಕೊಳ್ಳುವ ವೇಗ ಮಾತ್ರ ನಡುವೆ ಬಹುಕಾಲ ಸಮತಟ್ಟಾಗಿ, ಆಮೇಲೆ ಮತ್ತೆ ಏರುತ್ತಿತ್ತು. ಕಲಿಯುವವನ ಕಿವಿ ಮೊದಲು ಅಕ್ಷರ ಹಿಡಿಯುತ್ತದೆ, ಬಳಿಕ ಪದ, ಕಡೆಗೆ ವಾಕ್ಯಭಾಗ. ಅಕ್ಷರ ಕೂಡಿ ಪದವಾಗುವವರೆಗೂ ಗೆರೆ ಏಳದು ಎಂದು ಅವರು ವಿವರಿಸಿದರು. ಕಾಗುಣಿತ ಕೂಡಿಸಿ ಓದುತ್ತಿದ್ದ ಮಗು ಒಂದು ದಿನ ಇಡೀ ಪದವನ್ನು ಓದಿಬಿಡುವುದನ್ನು ಕಂಡವರಿಗೆ ಇದು ಹೊಸತೇನಲ್ಲ.

ಹಾಗಾದರೆ ಈ ಪ್ರಸ್ಥಭೂಮಿ ಎಲ್ಲರಿಗೂ ತಪ್ಪದ ವಿಧಿಯೆ? ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮೋರ್ಸ್ ಸಂಕೇತ ಕಲಿಸುವ ಕ್ರಮವನ್ನು ತಿದ್ದಿದ ಫ್ರೆಡ್ ಕೆಲ್ಲರ್ ಅಲ್ಲವೆಂದರು. 1958ರಲ್ಲಿ ಬರೆದ ಲೇಖನಕ್ಕೆ ಅವರು ಕೊಟ್ಟ ಹೆಸರು ‘ಭ್ರಮೆಯ ಪ್ರಸ್ಥಭೂಮಿ’ ಎಂಬರ್ಥದ್ದು. ಸಮತಟ್ಟು ಕಲಿಕೆಯ ಅನಿವಾರ್ಯ ಹಂತವಲ್ಲ ಎಂಬುದು ಅವರ ವಾದ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಹಳೆಯ ತಂತಿ ಅಧ್ಯಯನಗಳಿಗೇ ಮರಳಿ ಇನ್ನೊಂದು ಅಂಶವನ್ನು ಎತ್ತಿ ತೋರಿಸಿದರು: ವರ್ಷಗಟ್ಟಲೆ ಒಂದೇ ವೇಗದಲ್ಲಿದ್ದ ನುರಿತ ನೌಕರರೂ, ಬಡ್ತಿಗೆ ಹೆಚ್ಚಿನ ವೇಗ ಬೇಕೆಂದಾಗ, ಪಟ್ಟು ಹಿಡಿದು ಅಭ್ಯಾಸಮಾಡಿ ಮುಂದೆ ಹೋಗಿದ್ದರು. ತಡೆ ಇದ್ದುದು ಬುದ್ಧಿಯಲ್ಲಲ್ಲ, ರೂಢಿಯಲ್ಲಿ.

ಇನ್ನು ಅಂಕದ ಮಾತು. ಇದರ ಮೂಲ ಚದುರಂಗದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಇಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಘ 1960ರಲ್ಲಿ, ಅಂತರರಾಷ್ಟ್ರೀಯ ಸಂಘ 1970ರಲ್ಲಿ ಸ್ವೀಕರಿಸಿದವು. ಪ್ರೋಗ್ರಾಮಿಂಗ್ ಸ್ಪರ್ಧೆಗಳ ಅಂಕ ಅದರ ವಂಶದ್ದೇ. ಅದು ನಮ್ಮ ಬಲವನ್ನು ಎದುರಾಳಿಗಳ ಬಲದೊಡನೆ ತೂಗುತ್ತದೆಯೇ ಹೊರತು ಒಂಟಿಯಾಗಿ ಅಳೆಯುವುದಿಲ್ಲ. ಎಲ್ಲರೂ ಮುಂದೆ ಸಾಗುತ್ತಿರುವಾಗ ಅಂಕ ನಿಂತಿದೆಯೆಂದರೆ ನಾವೂ ಸಾಗುತ್ತಿದ್ದೇವೆ ಎಂದೇ ಅರ್ಥ. ನಮ್ಮ ನಾಡಿನ ಚದುರಂಗವನ್ನೇ ನೋಡಿ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ನಿಗದಿತ ಸಾಧನೆಗಳ ಜೊತೆಗೆ 2500 ಅಂಕವನ್ನೂ ಮುಟ್ಟಿರಬೇಕು. ಕರ್ನಾಟಕಕ್ಕೆ ಆ ಪದವಿಯನ್ನು ಮೊದಲು ತಂದವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ರೈಲ್ವೆ ನೌಕರರಾದ ಅವರಿಗೆ ಆಗ ವಯಸ್ಸು ಮೂವತ್ತೈದು ದಾಟಿತ್ತು.

ಹುಡುಗನ ಅಭ್ಯಾಸವನ್ನು ವಿಚಾರಿಸಿದೆ. ದಿನಕ್ಕೆ ಹತ್ತು ಸಮಸ್ಯೆ ಬಿಡಿಸುತ್ತಿದ್ದ. ಹತ್ತೂ ಅವನಿಗೆ ಬರುವಂಥವೇ. ಸ್ಪರ್ಧೆಯಲ್ಲಿ ಬಿಡಿಸಲಾಗದೆ ಉಳಿದುದನ್ನು ಮತ್ತೆ ತೆರೆದು ನೋಡುತ್ತಿರಲಿಲ್ಲ. ಅಕ್ಷರಗಳನ್ನೇ ಇನ್ನೂ ವೇಗವಾಗಿ ಕೇಳಲು ಹೆಣಗುವ ತಂತಿಯವನಂತೆ! ಒಂದು ಉದಾಹರಣೆ ಕೊಡುತ್ತೇನೆ. ಸಾಲುಮರಗಳ ಎತ್ತರ ಗೊತ್ತು. ಗರಗಸವನ್ನು ಯಾವ ಎತ್ತರದಲ್ಲಿಟ್ಟರೆ, ಮೇಲಿನ ತುಂಡುಗಳಿಂದ ಬೇಕಾದಷ್ಟು ಕಟ್ಟಿಗೆ ಸಿಕ್ಕು ಮರ ಆದಷ್ಟೂ ಉಳಿಯುತ್ತದೆ? ಒಂದೊಂದೇ ಎತ್ತರವನ್ನು ಪರೀಕ್ಷಿಸುತ್ತ ಹೋದರೆ ಸಮಯ ಸಾಲದು. ನಡುವಿನ ಎತ್ತರವನ್ನು ಊಹಿಸಿ, ಕಟ್ಟಿಗೆ ಸಾಲದಿದ್ದರೆ ಕೆಳಗಿನ ಅರ್ಧ, ಸಾಕಾದರೆ ಮೇಲಿನ ಅರ್ಧ ಎಂದು ಹುಡುಕಿದರೆ ಲಕ್ಷ ಎತ್ತರಗಳಿದ್ದರೂ ಹದಿನೇಳು ಊಹೆಯಲ್ಲಿ ಮುಗಿಯುತ್ತದೆ. ಇದನ್ನು ಒಮ್ಮೆ ತಾನಾಗಿ ಅರಗಿಸಿಕೊಂಡವನಿಗೆ ಇಂಥ ನೂರು ಸಮಸ್ಯೆಗಳು ಒಂದೇ ಪದವಾಗಿ ಕೇಳಿಸುತ್ತವೆ.

ಹತ್ತನ್ನು ಬಿಟ್ಟು ಎರಡನ್ನೇ ಬಿಡಿಸು, ಎರಡೂ ನಿನಗೆ ಬಾರದಂಥವಾಗಿರಲಿ, ಯೋಚನೆ ಎಲ್ಲಿ ಕಡಿಯಿತೆಂದು ಬರೆದಿಡು ಎಂದು ಹೇಳಿದೆ. ಮೊದಮೊದಲು ಅಂಕ ಇಳಿಯಲೂಬಹುದು. ರೂಢಿ ಕಳಚುವಾಗ ಕೈ ತಡವರಿಸುತ್ತದೆ. ಅದನ್ನೂ ಹೇಳಿದ್ದೇನೆ.